ಹಿಂದಿನ ಮಂಡಿ ಒಳಗೆ ಬೀಳುತ್ತಿದೆ

ಶೋಟೊಕಾನ್ ಕರಾಟೆಯಲ್ಲಿ ಬ್ರೌನ್ ಬೆಲ್ಟಿನ ಕೊನೆಯ ಹಂತ ಮುಗಿಸಿದವರು ಬ್ಲ್ಯಾಕ್ ಬೆಲ್ಟಿನ ಮೊದಲ ಹಂತವಾದ ಶೋದಾನ್‌ಗಾಗಿ ಎದುರಿಸುವ ಪರೀಕ್ಷೆಯಲ್ಲಿ ನಾನು ನಪಾಸಾದೆ. ವೃತ್ತಿಯಿಂದ ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರಗಳಲ್ಲಿ ಕೂತು, ಮುಖ ನೋಡಿರದ ಮಕ್ಕಳ ಉತ್ತರಪತ್ರಿಕೆಗಳಿಗೆ ಕೆಂಪು ಶಾಯಿಯಲ್ಲಿ ಅಂಕ ಕೊಟ್ಟು, ಮುಂದಿನ ಕಟ್ಟಿಗೆ ಕೈ ಹಾಕಿ ಅಭ್ಯಾಸವಾದವಳು. ನಲವತ್ತು ದಾಟಿದ ಮೇಲೆ ಬರಿಗಾಲಿನಲ್ಲಿ ಪರೀಕ್ಷಕರ ಮುಂದೆ ನಿಂತು ಬೇರೆಯವರಿಂದ ಅಂಕ ಪಡೆದಾಗ, ಒಬ್ಬರನ್ನು ಅಳೆಯುವುದೆಂದರೆ ಏನು, ಅಳೆದದ್ದನ್ನು ಅವರಿಗೆ ಹೇಗೆ ತಿಳಿಸಬೇಕು ಎಂಬ ಬಗ್ಗೆ ನಾನು ಕಲಿತದ್ದು ಬಹಳ. ಕರಾಟೆ ಕಲಿಯುತ್ತಿರುವವರಿಗೂ ಮಕ್ಕಳನ್ನು ತರಗತಿಗೆ ಕಳಿಸುತ್ತಿರುವ ತಂದೆತಾಯಂದಿರಿಗೂ ಉಪಯೋಗವಾದೀತೆಂದು ಅದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಶಿವಮೊಗ್ಗದಲ್ಲಿ ನಮ್ಮ ತರಗತಿ ನಡೆಯುವುದು ಒಂದು ಸಮುದಾಯ ಭವನದಲ್ಲಿ. ಮದುವೆ, ನಾಮಕರಣಗಳಿಲ್ಲದ ಸಂಜೆ ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತರಿಸಿ, ನೆಲ ಗುಡಿಸಿ ಅಭ್ಯಾಸ ಶುರುಮಾಡುತ್ತೇವೆ. ಮಗಳನ್ನು ಬಿಟ್ಟು ಕರೆದುಕೊಂಡು ಬರಲು ಹೋಗುತ್ತಿದ್ದ ನಾನು, ಅಷ್ಟು ಹೊತ್ತು ಸುಮ್ಮನೆ ಕೂರುವುದರ ಬದಲು ಕಲಿಯೋಣವೆಂದು ಸೇರಿಕೊಂಡೆ. ಮಗಳು ಗ್ರೀನ್ ಬೆಲ್ಟ್ ಆದ ಮೇಲೆ ಓದಿನ ಒತ್ತಡದಿಂದ ಬಿಟ್ಟಳು, ನಾನು ಬಿಡಲಿಲ್ಲ. ನಮ್ಮ ಗುರುಗಳು ನನಗಿಂತ ಕೆಲವು ವರ್ಷ ಚಿಕ್ಕವರು. ಅವರು ನನ್ನನ್ನು ‘ಮೇಡಂ’ ಎನ್ನುತ್ತಾರೆ, ನಾನು ಅವರನ್ನು ‘ಸೆನ್ಸೈ’ ಎನ್ನುತ್ತೇನೆ, ಜೊತೆಯಲ್ಲಿ ಕಲಿಯುವ ಮಕ್ಕಳಿಗೆ ನಾನು ‘ಆಂಟಿ’. ಸಾಲಿನಲ್ಲಿ ನಿಲ್ಲುವಾಗ ಮಾತ್ರ ವಯಸ್ಸು, ಉದ್ಯೋಗ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ, ಬೆಲ್ಟಿನ ಕ್ರಮದಲ್ಲೇ ನಿಲ್ಲಬೇಕು. ನಾನು ವೈಟ್ ಬೆಲ್ಟ್ ಕಟ್ಟಿದ್ದಾಗ ನನ್ನ ಶಾಲೆಯ ಏಳನೇ ತರಗತಿಯ ಹುಡುಗಿಯೊಬ್ಬಳು ನನಗಿಂತ ಮುಂದಿನ ಸಾಲಿನಲ್ಲಿದ್ದಳು. ಕಾಲಿಡುವುದು ಹೇಗೆಂದು ನನಗೆ ಮೊದಲು ತೋರಿಸಿಕೊಟ್ಟವಳೂ ಅವಳೇ.

ಈ ಬೆಲ್ಟಿನ ಕ್ರಮ ಕರಾಟೆಗೆ ಹುಟ್ಟಿನಿಂದ ಬಂದದ್ದಲ್ಲ. ಕರಾಟೆ ಹುಟ್ಟಿದ ಒಕಿನಾವಾ ದ್ವೀಪದ ಹಳೆಯ ಗುರುಗಳು ಶಿಷ್ಯರಿಗೆ ದರ್ಜೆ ಕೊಡುತ್ತಿರಲಿಲ್ಲ. ಜೂಡೊ ಸ್ಥಾಪಕರಾದ ಜಿಗೊರೊ ಕಾನೊ 1883ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಬಾರಿ ದಾನ್ ದರ್ಜೆ ನೀಡಿದರು. 1922ರಲ್ಲಿ ಒಕಿನಾವಾದಿಂದ ಟೋಕಿಯೊಗೆ ಹೋಗಿ ಕರಾಟೆಯ ಪ್ರದರ್ಶನ ಕೊಟ್ಟ ಗಿಚಿನ್ ಫುನಾಕೊಶಿ ಆ ಕ್ರಮವನ್ನು ತಮ್ಮ ವಿದ್ಯೆಗೆ ಅಳವಡಿಸಿಕೊಂಡು 1924ರಲ್ಲಿ ಮೊದಲ ದಾನ್‌ಗಳನ್ನು ಕೊಟ್ಟರು. ಫುನಾಕೊಶಿಯವರೂ ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದವರು. ಅವರ ಗುರುಗಳಲ್ಲೊಬ್ಬರಾದ ಅಂಕೊ ಇತೊಸು ಒಕಿನಾವಾದ ಶಾಲೆಗಳಲ್ಲಿ ಕರಾಟೆಯನ್ನು ಪಾಠವಾಗಿ ತಂದು, ಮಕ್ಕಳಿಗೆಂದೇ ಐದು ಕಾತಾಗಳನ್ನು, ಅಂದರೆ ಕ್ರಮ ನಿಗದಿಯಾದ ಚಲನೆಗಳ ಸರಣಿಗಳನ್ನು, ರೂಪಿಸಿದರು. ಇಂದಿಗೂ ನಮ್ಮ ಕಲಿಕೆ ಆರಂಭವಾಗುವುದು ಹೆಯಾನ್ ಎಂದು ಕರೆಯುವ ಆ ಐದರಿಂದಲೇ. ಕೆಳಗಿನ ದರ್ಜೆಗಳಾದ ಕ್ಯೂಗಳು ದೊಡ್ಡ ಸಂಖ್ಯೆಯಿಂದ ಒಂದರವರೆಗೆ ಇಳಿಯುತ್ತವೆ, ಅಲ್ಲಿಂದ ದಾನ್‌ಗಳು ಒಂದರಿಂದ ಮೇಲಕ್ಕೆ ಏರುತ್ತವೆ. ನಾನು ಮೊದಲ ಕ್ಯೂನಲ್ಲಿದ್ದೆ, ಅಂದರೆ ಹೊಸ್ತಿಲ ಮೇಲಿದ್ದೆ.

ಕ್ಯೂ ಪರೀಕ್ಷೆಗಳು ನಮ್ಮ ಊರಿನಲ್ಲೇ, ನಮಗೆ ಪರಿಚಿತವಾದ ಭವನದಲ್ಲೇ ನಡೆಯುತ್ತವೆ. ಯಾರು ಸಿದ್ಧರಿದ್ದಾರೆಂದು ನೋಡಿಯೇ ಸೆನ್ಸೈ ಹೆಸರು ಕೊಡುವುದರಿಂದ ಅಲ್ಲಿ ನಪಾಸಾಗುವವರು ಕಡಿಮೆ. ಶೋದಾನ್ ಹಾಗಲ್ಲ. ಅದಕ್ಕೆ ಬೆಂಗಳೂರಿಗೆ ಹೋಗಬೇಕು. ನಮ್ಮ ಹೆಸರೂ ಗೊತ್ತಿಲ್ಲದ, ನಮ್ಮ ಬೆನ್ನ ಮೇಲಿನ ಸಂಖ್ಯೆಯನ್ನಷ್ಟೇ ನೋಡುವ ಮೂವರು ಪರೀಕ್ಷಕರು ಮೇಜಿನ ಹಿಂದೆ ಕೂತಿರುತ್ತಾರೆ. ಪರೀಕ್ಷೆಯಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಕಿಹೊನ್: ಹೊಡೆತ, ತಡೆ, ಒದೆತಗಳನ್ನು ಜೋಡಿಸಿ ಮುಂದಕ್ಕೂ ಹಿಂದಕ್ಕೂ ಸಾಗುತ್ತ ಮಾಡುವ ಮೂಲ ಪಟ್ಟುಗಳು. ಎರಡನೆಯದು ಕಾತಾ: ಎದುರಾಳಿಗಳು ಸುತ್ತಲೂ ಇದ್ದಾರೆಂದು ಭಾವಿಸಿ ಒಬ್ಬರೇ ಮಾಡುವ, ಕ್ರಮ ನಿಗದಿಯಾದ ಚಲನೆಗಳ ಸರಣಿ. ಮೂರನೆಯದು ಕುಮಿತೆ: ನಿಜವಾದ ಎದುರಾಳಿಯೊಂದಿಗೆ ಕಾದಾಟ. ನಮ್ಮ ಸಂಸ್ಥೆಯ ನಿಯಮದ ಪ್ರಕಾರ ಮೂರರಲ್ಲೂ ಪ್ರತ್ಯೇಕವಾಗಿ ತೇರ್ಗಡೆಯಾಗಬೇಕು, ಒಂದರಲ್ಲಿ ಹೆಚ್ಚು ಬಂದ ಅಂಕ ಇನ್ನೊಂದರ ಕೊರತೆಯನ್ನು ತುಂಬುವುದಿಲ್ಲ.

‘ಈ ಸಲ ಹೋಗಿ ಬನ್ನಿ ಮೇಡಂ, ನೀವು ರೆಡಿ ಇದ್ದೀರಿ’ ಎಂದು ಸೆನ್ಸೈ ಹೇಳಿದಾಗ ನಾನು ಅನುಮಾನಿಸಲಿಲ್ಲ. ನಾನು ಪ್ರದರ್ಶಿಸಬೇಕಿದ್ದ ಬಸ್ಸಾಯ್ ದಾಯ್ ಕಾತಾದ 42 ಚಲನೆಗಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವಷ್ಟು ಕಂಠಪಾಠವಾಗಿದ್ದವು. ಕ್ರಮ ಗೊತ್ತಿರುವುದು ಒಂದು, ಕಾತಾ ಬರುವುದು ಇನ್ನೊಂದು ಎಂಬುದು ಪಠ್ಯವನ್ನು ಉರುಹೊಡೆದು ಬರೆದ ಉತ್ತರಗಳನ್ನು ವರ್ಷಗಟ್ಟಲೆ ತಿದ್ದಿದ ನನಗೆ ಹೊಸ ವಿಷಯವಾಗಬಾರದಿತ್ತು. ಆದರೆ ಉತ್ತರಪತ್ರಿಕೆಯಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ನಮ್ಮದೇ ದೇಹದಲ್ಲಿ ಅದು ನಮಗೆ ಕಾಣುವುದಿಲ್ಲ.

ಪರೀಕ್ಷೆಯ ದಿನ ಕಿಹೊನ್ ಚೆನ್ನಾಗಿಯೇ ಆಯಿತು. ಸಿಂಥೆಟಿಕ್ ಚಾಪೆಯ ಮೇಲೆ ಕಾಲು ಸ್ವಲ್ಪ ಅಂಟುತ್ತಿತ್ತು. ನಮ್ಮ ಭವನದ ನುಣುಪು ನೆಲದ ಮೇಲೆ ಜಾರಿಸಿಕೊಂಡು ಸಾಗುವ ಅಭ್ಯಾಸವಿದ್ದವರಿಗೆ ತಿರುವುಗಳಲ್ಲಿ ಅದು ತೊಡಕೇ, ಆದರೂ ನಿಭಾಯಿಸಿದೆ. ಐವರೈವರ ಸಾಲಿನಲ್ಲಿ ಮಾಡುವಾಗ ಅಕ್ಕಪಕ್ಕದವರ ಉಸಿರು, ಒಟ್ಟಾಗಿ ಬೀಳುವ ಹೆಜ್ಜೆಗಳ ಸದ್ದು ನಮ್ಮನ್ನು ಎತ್ತಿ ಹಿಡಿಯುತ್ತವೆ. ಮೇಜಿನ ಕಡೆ ನೋಡಬಾರದೆಂದು ಸೆನ್ಸೈ ಮೊದಲೇ ಹೇಳಿದ್ದರು, ನೋಡಲಿಲ್ಲ.

ಕಾತಾಕ್ಕೆ ಒಬ್ಬೊಬ್ಬರನ್ನೇ ಕರೆದರು. ಬಸ್ಸಾಯ್ ದಾಯ್ ಆರಂಭವಾಗುವುದು ಎರಡು ಪಾದ ಜೋಡಿಸಿ, ಬಲ ಮುಷ್ಟಿಯನ್ನು ಎಡ ಅಂಗೈಯಿಂದ ಮುಚ್ಚಿ ನಿಂತ ಭಂಗಿಯಿಂದ. ಅಲ್ಲಿಂದ ಒಂದೇ ಸಲಕ್ಕೆ ಮುಂದಕ್ಕೆ ನುಗ್ಗಿ, ಕಾಲುಗಳನ್ನು ಕತ್ತರಿಯಾಗಿ ಇಟ್ಟು ತಡೆ ಹಾಕಬೇಕು. ಆ ಮೊದಲ ನುಗ್ಗುವಿಕೆಯಲ್ಲಿ ನನಗೆ ಯಾವಾಗಲೂ ಸಂತೋಷವಿದೆ, ಅಂದೂ ಅದು ಸರಿಯಾಗಿಯೇ ಬಿತ್ತು. ಆಮೇಲಿನ ತಿರುವುಗಳು, ಸೊಂಟವನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗಿಸಿ ಹಾಕುವ ತಡೆ ಮತ್ತು ಹೊಡೆತಗಳು ಮುಗಿದ ನಂತರ ಶುತೊ ಉಕೆ ಎಂಬ ಕೈಯಲಗಿನ ತಡೆ ಸಾಲಾಗಿ ನಾಲ್ಕು ಬಾರಿ ಬರುತ್ತದೆ. ಮೂರು ಮುಂದಕ್ಕೆ ಹೆಜ್ಜೆಯಿಟ್ಟು, ನಾಲ್ಕನೆಯದು ಬಲಗಾಲನ್ನು ಹಿಂದಕ್ಕೆ ತೆಗೆದು. ನಾಲ್ಕನ್ನೂ ಕೊಕುತ್ಸು ದಾಚಿ ಎಂಬ ನಿಲುವಿನಲ್ಲೇ ಮಾಡಬೇಕು.

ಈ ನಿಲುವನ್ನು ಸ್ವಲ್ಪ ವಿವರಿಸಬೇಕು, ನನ್ನ ಫಲಿತಾಂಶವೆಲ್ಲ ಅಡಗಿದ್ದದ್ದು ಅದರಲ್ಲೇ. ಕೊಕುತ್ಸು ದಾಚಿಯಲ್ಲಿ ದೇಹದ ಭಾರದ ಶೇಕಡಾ 70ರಷ್ಟು ಹಿಂದಿನ ಕಾಲಿನ ಮೇಲಿರುತ್ತದೆ, 30ರಷ್ಟು ಮುಂದಿನ ಕಾಲಿನ ಮೇಲೆ. ಎರಡೂ ಹಿಮ್ಮಡಿಗಳು ಒಂದೇ ಗೆರೆಯ ಮೇಲಿದ್ದು, ಮುಂದಿನ ಪಾದ ಎದುರಿಗೂ ಹಿಂದಿನ ಪಾದ ಪಕ್ಕಕ್ಕೂ ಮುಖಮಾಡಿ ಲಂಬಕೋನದಲ್ಲಿರಬೇಕು. ಹಿಂದಿನ ಮಂಡಿ ಚೆನ್ನಾಗಿ ಮಡಿಸಿ, ಆ ಪಾದದ ಬೆರಳುಗಳು ಯಾವ ದಿಕ್ಕಿಗಿವೆಯೋ ಅದೇ ದಿಕ್ಕಿಗೆ ಹೊರಮುಖವಾಗಿ ನಿಲ್ಲಬೇಕು. ತೊಡೆಯ ಮತ್ತು ಪೃಷ್ಠದ ಹೊರಬದಿಯ ಸ್ನಾಯುಗಳು ಬಿಗಿಹಿಡಿದಿರುವಷ್ಟು ಹೊತ್ತು ಅದು ಹಾಗೆ ನಿಲ್ಲುತ್ತದೆ. ಅವು ಸೋತ ಕೂಡಲೇ ಮಂಡಿ ಒಳಗೆ, ಮುಂದಿನ ಕಾಲಿನ ಕಡೆಗೆ ಬೀಳುತ್ತದೆ, ಭಾರವೂ ಅದರ ಹಿಂದೆಯೇ ಮುಂದಕ್ಕೆ ಸರಿಯುತ್ತದೆ. ಹೊರಗಿನಿಂದ ನೋಡುವವರಿಗೆ ಕೈ ಸರಿಯಾಗಿಯೇ ಇರುತ್ತದೆ, ಮುಖ ಗಂಭೀರವಾಗಿಯೇ ಇರುತ್ತದೆ. ಆದರೆ ಎದುರಿನಿಂದ ಹೊಡೆತ ಬಂದರೆ ಹಿಂದಕ್ಕೆ ಹೀರಿಕೊಳ್ಳುವ ಶಕ್ತಿ ಆ ದೇಹದಲ್ಲಿ ಉಳಿದಿರುವುದಿಲ್ಲ, ಮುಂದಿನ ಕಾಲನ್ನು ಎತ್ತಿ ಒದೆಯುವ ಸ್ವಾತಂತ್ರ್ಯವೂ ಹೋಗಿರುತ್ತದೆ. ಈ ನಿಲುವು ಇರುವುದೇ ಆ ಎರಡು ಕೆಲಸಗಳಿಗಾಗಿ.

ನನ್ನ ಬಲ ಮಂಡಿ ಬಿದ್ದದ್ದು ನಾಲ್ಕನೆಯ ಶುತೊ ಉಕೆಯಲ್ಲಿ. ಬಿದ್ದದ್ದು ನನಗೆ ತಿಳಿಯಲೇ ಇಲ್ಲ. ಆ ತಡೆಯ ಬೆನ್ನಿಗೇ ಎದುರಾಳಿಯ ಕೈ ಹಿಡಿದೆಳೆದು ಕೆಳಗೆ ಒದೆಯುವ ಚಲನೆಯಿದೆ, ಕಾತಾದ ಮೊದಲ ಕಿಯಾಯ್ ಕೂಗು ಬರುವುದೂ ಅಲ್ಲೇ. ನನ್ನ ಮನಸ್ಸೆಲ್ಲ ಆ ಕೂಗಿನ ಕಡೆಗಿತ್ತು. ಸಭಾಂಗಣ ಗುಂಯ್ಗುಡುವಂತೆ ಕೂಗಿದೆ ಎಂಬ ತೃಪ್ತಿಯಲ್ಲಿ ಮುಂದುವರಿದು, ಮೇಲೆ ಕೆಳಗೆ ಎರಡೂ ಕೈ ಚಾಚಿ ಹೊಡೆಯುವ ಯಾಮಾ ಜುಕಿಗಳನ್ನು ಮುಗಿಸಿ, ಕೊನೆಯ ಶುತೊ ಉಕೆಗೆ ನಿಧಾನವಾಗಿ ತಿರುಗಿ ನಿಂತೆ. ಅಲ್ಲೂ ಅದೇ ಮಂಡಿ ಅದೇ ರೀತಿ ಒಳಗೆ ಬಿದ್ದಿತ್ತೆಂದು ಆಮೇಲೆ ಗೊತ್ತಾಯಿತು.

ಕುಮಿತೆ ಬಗ್ಗೆ ಹೆಚ್ಚು ಬರೆಯುವಂಥದ್ದೇನೂ ಇಲ್ಲ. ಜಿಯು ಇಪ್ಪೊನ್ ಕುಮಿತೆಯಲ್ಲಿ ದಾಳಿ ಮಾಡುವವರು ಎಲ್ಲಿಗೆ, ಯಾವುದರಿಂದ ಹೊಡೆಯುತ್ತೇವೆಂದು ಮೊದಲೇ ಕೂಗಿ ಹೇಳುತ್ತಾರೆ. ಯಾವಾಗ ಹೊಡೆಯುತ್ತಾರೆಂಬುದಷ್ಟೇ ಅವರ ಕೈಯಲ್ಲಿರುವುದು. ತಪ್ಪಿಸಿಕೊಂಡು, ತಡೆದು, ತಿರುಗಿ ಹೊಡೆಯಬೇಕು. ನನ್ನ ಎದುರಿಗಿದ್ದವನು ಇಪ್ಪತ್ತರ ಆಸುಪಾಸಿನ ಹುಡುಗ, ಅಂತರ ಕಾಯ್ದುಕೊಳ್ಳುವುದರಲ್ಲಿ ಪಳಗಿದವನು. ನಾನು ಪ್ರತಿ ಬಾರಿಯೂ ನೇರವಾಗಿ ಹಿಂದಕ್ಕೆ ಸರಿದೆ. ಹಾಗೆ ಸರಿದರೆ ಹೊಡೆತವೇನೋ ತಪ್ಪುತ್ತದೆ, ಆದರೆ ನಮ್ಮ ಪ್ರತಿಹೊಡೆತವೂ ಅವರಿಗೆ ಮುಟ್ಟುವುದಿಲ್ಲ.

ಫಲಿತಾಂಶ ಓದಿದ್ದು ಸಂಜೆ. ಸಂಖ್ಯೆಗಳನ್ನು ಕ್ರಮವಾಗಿ ಓದುತ್ತ ಹೋದರು. ನನ್ನ ಹಿಂದಿನ ಸಂಖ್ಯೆಯ ನಂತರ ನನ್ನ ಮುಂದಿನ ಸಂಖ್ಯೆ ಬಂತು. ಆ ಕ್ಷಣದಲ್ಲಿ ನನಗಾದದ್ದು ದುಃಖಕ್ಕಿಂತ ಹೆಚ್ಚಾಗಿ ಗೊಂದಲ. ಓದುವವರು ಒಂದು ಸಾಲು ಬಿಟ್ಟಿರಬೇಕು, ಕೊನೆಯಲ್ಲಿ ಸರಿಪಡಿಸುತ್ತಾರೆಂದು ನಿಜವಾಗಿಯೂ ಕಾಯುತ್ತಿದ್ದೆ. ತೇರ್ಗಡೆಯಾದವರು ಫೋಟೊಕ್ಕೆ ಸೇರಿದ ಮೇಲೆ ಉಳಿದ ನಮ್ಮನ್ನು ಪಕ್ಕಕ್ಕೆ ಕರೆದರು. ಮೂವರಲ್ಲಿ ಹಿರಿಯರಾದ ಪರೀಕ್ಷಕರು ಒಬ್ಬೊಬ್ಬರಿಗೂ ಅವರವರ ಹಾಳೆಯನ್ನು ತೋರಿಸಿ ಮಾತಾಡಿದರು. ನನ್ನ ಹಾಳೆಯಲ್ಲಿ ಕಿಹೊನ್ ಎದುರು ತೇರ್ಗಡೆಯ ಗುರುತಿತ್ತು. ಕಾತಾದ ಎದುರು ‘ಕೊಕುತ್ಸು ಇಲ್ಲ, ಹಿಂದಿನ ಮಂಡಿ ಒಳಗೆ ಬೀಳುತ್ತಿದೆ’ ಎಂದಿತ್ತು. ಕುಮಿತೆಯ ಎದುರು ‘ನೇರ ಹಿಂದಕ್ಕೆ, ಅಂತರ ತಿಳಿಯದು’ ಎಂದಿತ್ತು.

ಮಂಡಿಯ ವಿಷಯ ನನಗೆ ಒಪ್ಪಿಗೆಯಾಗದ್ದು ಮುಖದಲ್ಲಿ ಕಂಡಿರಬೇಕು. ‘ಶುತೊ ಉಕೆಯಲ್ಲಿ ನಿಲ್ಲಿ ನೋಡೋಣಮ್ಮ’ ಎಂದರು. ಬಲಗಾಲು ಹಿಂದಿಟ್ಟು ನಿಂತೆ. ‘ಹಾಗೇ ಇದ್ದು ಮುಂದಿನ ಕಾಲನ್ನು ಎತ್ತಿ.’ ಎತ್ತಲು ಹೋದರೆ ಪಾದ ಮೇಲೇಳಲಿಲ್ಲ. ಎತ್ತಬೇಕಾದರೆ ಮೊದಲು ಇಡೀ ದೇಹವನ್ನು ಹಿಂದಕ್ಕೆ ಎಳೆದುಕೊಳ್ಳಬೇಕಾಯಿತು. ಅವರು ಬಗ್ಗಿ, ಎರಡು ಬೆರಳಿನಿಂದ ನನ್ನ ಹಿಂದಿನ ಮಂಡಿಯನ್ನು ಹೊರಕ್ಕೆ ಒತ್ತಿ, ಅಲ್ಲೇ ಹಿಡಿದುಕೊಂಡು ‘ಈಗ ಎತ್ತಿ’ ಎಂದರು. ಪಾದ ತಾನಾಗಿ ಮೇಲೆ ಬಂತು, ದೇಹ ಅಲುಗಲಿಲ್ಲ. ತೊಡೆಯ ಹೊರಬದಿ ಮಾತ್ರ ಉರಿಯತೊಡಗಿತು. ‘ಈ ಉರಿ ನಿಮಗೆ ಹೊಸದು ಅಲ್ವೇನಮ್ಮ? ಹಾಗಾದ್ರೆ ಇಷ್ಟು ದಿನ ಈ ನಿಲುವಿನಲ್ಲಿ ನೀವು ನಿಂತೇ ಇಲ್ಲ. ಆರು ತಿಂಗಳು ನಿಂತು ಬನ್ನಿ’ ಎಂದು ಹಾಳೆಯನ್ನು ನನ್ನ ಕೈಗಿತ್ತರು. ಅವರ ದನಿಯಲ್ಲಿ ಗದರಿಕೆಯೂ ಇರಲಿಲ್ಲ, ಸಮಾಧಾನಪಡಿಸುವ ಪ್ರಯತ್ನವೂ ಇರಲಿಲ್ಲ. ಆ ಎರಡು ಬೆರಳಿನ ಒತ್ತಡದಲ್ಲಿ ನಾನು ಕಲಿತಷ್ಟನ್ನು ಅದರ ಹಿಂದಿನ ಎಷ್ಟೋ ತಿಂಗಳ ಅಭ್ಯಾಸದಲ್ಲಿ ಕಲಿತಿರಲಿಲ್ಲ.

ವಾಪಸು ಬರುವ ರೈಲಿನಲ್ಲಿ ಸೆನ್ಸೈ ಬಹಳ ಹೊತ್ತು ಮಾತಾಡಲಿಲ್ಲ. ಬೀರೂರು ದಾಟಿದ ಮೇಲೆ, ‘ಮೇಡಂ, ಇದರಲ್ಲಿ ನನ್ನ ಪಾಲೂ ಇದೆ. ನಿಮ್ಮ ಮಂಡಿ ನಾನು ನೋಡಿದ್ದೆ. ಮಾಡ್ತಾ ಮಾಡ್ತಾ ಸರಿಹೋಗುತ್ತೆ ಅಂದುಕೊಂಡು ಬಿಟ್ಟೆ’ ಎಂದರು. ಶಿಷ್ಯರ ಹೆಸರನ್ನು ಕಳಿಸುವ ಗುರುವೂ ಆ ಮೇಜಿನ ಮುಂದೆ ಪರೀಕ್ಷೆಗೆ ನಿಂತಿರುತ್ತಾರೆ ಎಂಬುದು ನನಗೆ ಹೊಳೆದದ್ದು ಆಗ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ವಿಜ್ಞಾನದಲ್ಲಿ ನಪಾಸಾದ ಮಕ್ಕಳ ಪಟ್ಟಿಯನ್ನು ಹಿಡಿದು ಕೂತಾಗ ನನಗಾಗುವುದು ಏನೆಂದು ನನಗೆ ಗೊತ್ತು. ಹಾಗಾಗಿ ಅವರ ಮಾತಿಗೆ ‘ಪರವಾಗಿಲ್ಲ ಬಿಡಿ’ ಎನ್ನುವುದು ಸರಿಯೆನಿಸಲಿಲ್ಲ. ‘ಸರಿ ಸೆನ್ಸೈ, ಸೋಮವಾರದಿಂದ ಬರೀ ಮಂಡಿ ನೋಡೋಣ’ ಎಂದೆ.

ಮನೆಯಲ್ಲಿ ಅತ್ತೆಯವರು ‘ಕೈಕಾಲು ಮುರ್ಕೊಳ್ಳದೆ ಬಂದೆಯಲ್ಲ, ಅಷ್ಟು ಸಾಕು ಬಿಡವ್ವ’ ಎಂದು ಊಟಕ್ಕೆ ಬಡಿಸಿದರು. ನೆರೆಯವರು, ಸಹೋದ್ಯೋಗಿಗಳು ‘ಈ ವಯಸ್ಸಿಗೆ ಅಷ್ಟು ಮಾಡಿದ್ದೇ ದೊಡ್ಡದು’ ಎಂದರು. ಎಲ್ಲರದೂ ಪ್ರೀತಿಯ ಮಾತೇ, ಆದರೆ ನನಗೆ ಅದರಿಂದ ಸಮಾಧಾನವಾಗಲಿಲ್ಲ. ವಯಸ್ಸನ್ನು ನೋಡಿ ರಿಯಾಯಿತಿ ಕೊಡಬೇಕೆಂದರೆ ಆ ದರ್ಜೆಗೆ ಬೇರೆ ಹೆಸರಿಡಬೇಕಾಗುತ್ತದೆ. ಹಿರಿಯ ವಯಸ್ಸಿನವರಿಂದ ಎತ್ತರದ ಒದೆತ, ಹುಡುಗರ ವೇಗ ನಿರೀಕ್ಷಿಸಬಾರದೆಂಬುದು ನ್ಯಾಯ, ಪರೀಕ್ಷಕರೂ ನನ್ನ ಸೊಂಟದೆತ್ತರದ ಒದೆತಕ್ಕೆ ಅಂಕ ಕಳೆದಿರಲಿಲ್ಲ. ಮಂಡಿಯನ್ನು ಅದರ ಜಾಗದಲ್ಲಿ ಇಡುವುದಕ್ಕೆ ಮಾತ್ರ ವಯಸ್ಸಿನ ನೆಪ ಹೇಳುವಂತಿಲ್ಲ. ನಿಜ ಹೇಳಬೇಕೆಂದರೆ ವಯಸ್ಸಾದವರಿಗೇ ಅದು ಹೆಚ್ಚು ಮುಖ್ಯ. ಭಾರ ಹೊತ್ತ ಮಂಡಿ ಪದೇಪದೇ ಒಳಕ್ಕೆ ತಿರುಚಿದರೆ ಕೀಲಿನ ಒಳಬದಿಯ ಅಸ್ಥಿರಜ್ಜುಗಳ ಮೇಲೆ ಒತ್ತಡ ಬೀಳುತ್ತದೆ. ನನಗೆ ಮೆಟ್ಟಿಲು ಇಳಿಯುವಾಗ ಆಗಾಗ ಕಾಣಿಸಿಕೊಳ್ಳುತ್ತಿದ್ದ ನೋವಿನ ಮೂಲವೂ ಅದೇ ಇರಬಹುದೆಂದು ಆಮೇಲೆ ತೋರಿಸಿದ ಫಿಸಿಯೊಥೆರಪಿಸ್ಟ್ ಹೇಳಿದರು.

ಸೋಮವಾರ ತರಗತಿಗೆ ಹೋದಾಗ ಯೆಲ್ಲೊ ಬೆಲ್ಟಿನ ಪುಟ್ಟ ಹುಡುಗನೊಬ್ಬ ಓಡಿಬಂದು ‘ಆಂಟಿ, ಬ್ಲ್ಯಾಕ್ ಬೆಲ್ಟ್ ಎಲ್ಲಿ?’ ಎಂದು ಕೇಳಿದ. ‘ಸಿಗಲಿಲ್ಲ ಕಣೋ, ಫೇಲಾದೆ’ ಎಂದೆ. ಅವನು ಸ್ವಲ್ಪ ಹೊತ್ತು ನನ್ನ ಬ್ರೌನ್ ಬೆಲ್ಟನ್ನೇ ನೋಡಿ, ‘ಮತ್ತೆ ಇವತ್ತು ಯಾಕೆ ಬಂದ್ರಿ?’ ಎಂದ. ಅವನಿಗೆ ಅದು ಪ್ರಾಮಾಣಿಕವಾದ ಪ್ರಶ್ನೆ. ನಪಾಸಾದವರು ಆಟದಿಂದ ಹೊರಗೆ ಹೋಗುತ್ತಾರೆಂದೇ ಅವನು ತಿಳಿದಿದ್ದಾನೆ, ಹಾಗೆ ತಿಳಿಯುವಂತೆ ನಾವು ದೊಡ್ಡವರು ಮಾಡಿದ್ದೇವೆ. ‘ಮಂಡಿ ಸರಿಮಾಡ್ಕೊಳ್ಳೋಕೆ’ ಎಂದು ಅವನಿಗೆ ನಿಲುವನ್ನು ತೋರಿಸಿ, ಮುಂದಿನ ಕಾಲು ಎತ್ತುವ ಪರೀಕ್ಷೆಯನ್ನು ಅವನಿಗೂ ಕೊಟ್ಟೆ. ಅವನೂ ಎತ್ತಲಾರದೆ ಹೋದ. ಆ ಸಂಜೆ ತರಗತಿಯ ಮಕ್ಕಳೆಲ್ಲ ಒಬ್ಬರಿಗೊಬ್ಬರು ಕಾಲೆತ್ತಿಸಿ ನೋಡುತ್ತಿದ್ದರು.

ಪರೀಕ್ಷೆಯ ದಿನ ನಮ್ಮ ಊರಿನಿಂದ ಬಂದಿದ್ದ ಇನ್ನೊಬ್ಬ ಹುಡುಗನೂ ನಪಾಸಾಗಿದ್ದ. ಪಿಯುಸಿ ಓದುತ್ತಿದ್ದವನು, ನನಗಿಂತ ಎಷ್ಟೋ ಚುರುಕು. ಕುಮಿತೆಯಲ್ಲಿ ಎದುರಾಳಿಗೆ ಪೆಟ್ಟಾಗುವಂತೆ ಹೊಡೆದು, ತನ್ನ ಹೊಡೆತವನ್ನು ಪೆಟ್ಟಾಗುವ ಮೊದಲೇ ತಡೆದು ನಿಲ್ಲಿಸುವ ಹಿಡಿತವಿಲ್ಲವೆಂದು ಅವನನ್ನು ತೇರ್ಗಡೆ ಮಾಡಿರಲಿಲ್ಲ. ಅವನ ತಂದೆ ಬಹಳ ನೊಂದುಕೊಂಡರು. ಪರೀಕ್ಷೆಯ ಫೀಸು, ಬೆಂಗಳೂರಿಗೆ ಹೋಗಿಬರುವ ಖರ್ಚು, ಒಂದು ದಿನದ ದುಡಿಮೆ ಎಲ್ಲವನ್ನೂ ಹೊಂದಿಸಿದ್ದ ಮನುಷ್ಯ ಅವರು. ಮತ್ತೆ ಅಷ್ಟನ್ನೂ ಕಟ್ಟಬೇಕೆಂದರೆ ಯಾರಿಗಾದರೂ ಕಷ್ಟವೇ. ಮರುಪರೀಕ್ಷೆಗೆ ಫೀಸು ಪೂರ್ತಿ ಪಡೆಯುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ, ಅದನ್ನು ಸೆನ್ಸೈ ಮೂಲಕ ಸಂಸ್ಥೆಗೆ ಬರೆದೂ ತಿಳಿಸಿದ್ದೇನೆ. ಆದರೆ ಆ ತಂದೆ ಆರಿಸಿಕೊಂಡ ದಾರಿ ಬೇರೆಯಾಗಿತ್ತು. ಮಗನನ್ನು ಇನ್ನೊಂದು ತರಗತಿಗೆ ಸೇರಿಸಿದರು. ಹೆಚ್ಚು ಕಾಲ ಕಳೆಯುವ ಮೊದಲೇ ಅಲ್ಲಿ ಹುಡುಗನಿಗೆ ಬ್ಲ್ಯಾಕ್ ಬೆಲ್ಟ್ ಸಿಕ್ಕಿತು. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಅವನೇ ‘ಅಲ್ಲಿ ಕುಮಿತೆ ಇರಲಿಲ್ಲ ಆಂಟಿ, ಕಾತಾ ಅಷ್ಟೇ’ ಎಂದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಹಿಗ್ಗು ಇರಲಿಲ್ಲ. ಆ ಹುಡುಗನಿಗೆ ಕೊರತೆಯಿದ್ದದ್ದು ಒಂದೇ ವಿಷಯದಲ್ಲಿ, ಅದನ್ನು ಕಲಿಸಬಲ್ಲವರು ಇದ್ದರು, ಕಲಿಯುವ ಶಕ್ತಿಯೂ ಅವನಿಗಿತ್ತು. ಆ ಒಂದು ವಿಷಯವನ್ನು ಅವನಿಂದ ಕಿತ್ತುಕೊಂಡು ಕೈಗೆ ಬೆಲ್ಟ್ ಕೊಟ್ಟದ್ದು ಅವನಿಗೆ ಮಾಡಿದ ಅನ್ಯಾಯವೆಂದೇ ನಾನು ಇಂದಿಗೂ ನಂಬಿದ್ದೇನೆ.

ಶಾಲೆಯ ಪರೀಕ್ಷೆಯನ್ನು ಇದಕ್ಕೆ ಹೋಲಿಸಿ ನಾನು ಬಹಳ ಯೋಚಿಸಿದ್ದೇನೆ. ನಮ್ಮ ರಾಜ್ಯದಲ್ಲಿ 2023–24ರಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಒಂದೇ ಶೈಕ್ಷಣಿಕ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಜಾರಿಗೆ ಬಂತು. ಅದು ಒಳ್ಳೆಯ ಕ್ರಮ, ಮಗುವಿನ ಒಂದು ವರ್ಷ ಹಾಳಾಗುವುದಿಲ್ಲ. ಆದರೆ ನಪಾಸಾದ ಮಗುವಿನ ಕೈಗೆ ನಾವು ಕೊಡುವುದು ಅಂಕದ ಸಂಖ್ಯೆಯೊಂದನ್ನೇ. ಅದಕ್ಕೆ ವಿದ್ಯುತ್ ಮಂಡಲ ಅರ್ಥವಾಗಿಲ್ಲವೋ, ರಾಸಾಯನಿಕ ಸಮೀಕರಣ ಸರಿದೂಗಿಸಲು ಬರುವುದಿಲ್ಲವೋ, ಪ್ರಶ್ನೆಯನ್ನು ಓದಿಕೊಳ್ಳುವುದೇ ಕಷ್ಟವಾಯಿತೋ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಎರಡು ಬೆರಳಿನಿಂದ ಮಂಡಿಯನ್ನು ಒತ್ತಿ ಹಿಡಿಯುವವರು ಅಲ್ಲಿ ಯಾರೂ ಇರುವುದಿಲ್ಲ. ಇದಾದ ಮೇಲೆ ನಮ್ಮ ಶಾಲೆಯ ಕಿರುಪರೀಕ್ಷೆಗಳಲ್ಲಿ ಕಡಿಮೆ ಅಂಕ ಬಂದ ಮಕ್ಕಳ ಪತ್ರಿಕೆಯ ಕೊನೆಯಲ್ಲಿ ಅಂಕದ ಜೊತೆಗೆ ಒಂದೇ ಒಂದು ಸಾಲು ಬರೆಯಲು ಶುರುಮಾಡಿದೆ: ಯಾವುದು ಬೀಳುತ್ತಿದೆ, ಎಲ್ಲಿ ಬೀಳುತ್ತಿದೆ ಎಂದು. ಹೆಚ್ಚು ಸಮಯ ಹಿಡಿಯುತ್ತದೆ, ಆದರೂ ಬಿಟ್ಟಿಲ್ಲ.

ಮಂಡಿಯ ಕೆಲಸ ನಿಧಾನವಾದದ್ದು. ಸೆನ್ಸೈ ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆದರು. ಎರಡೂ ಹಿಮ್ಮಡಿಗಳು ಗೆರೆ ಬಿಡದಂತೆ ಹೆಜ್ಜೆಯಿಡಬೇಕು, ಪ್ರತಿ ಹೆಜ್ಜೆಯ ಕೊನೆಯಲ್ಲಿ ನಿಂತು ಮುಂದಿನ ಪಾದ ಎತ್ತಿ ಇಳಿಸಬೇಕು. ವೇಗವಿಲ್ಲ, ಕಿಯಾಯ್ ಇಲ್ಲ. ಮೊದಲ ವಾರಗಳಲ್ಲಿ ಭವನದ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ತೊಡೆ ನಡುಗಿ ನಿಲ್ಲಲಾಗುತ್ತಿರಲಿಲ್ಲ. ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟಂತೆ ಮನೆಯಲ್ಲಿ ಮಗ್ಗುಲಾಗಿ ಮಲಗಿ, ಎರಡೂ ಮಂಡಿಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿಕೊಂಡು, ಪಾದಗಳನ್ನು ಅಲುಗಿಸದೆ ಮೇಲಿನ ಮಂಡಿಯನ್ನು ತೆರೆಯುವ ವ್ಯಾಯಾಮ ಮಾಡಿದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಸಾರು ಕುದಿ ಬರುವವರೆಗೆ ಕೊಕುತ್ಸು ನಿಲುವಿನಲ್ಲಿ ನಿಲ್ಲುವುದು ರೂಢಿಯಾಯಿತು. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮೊಬೈಲಿನ ವಿಡಿಯೊ, ಅದೂ ಹಿಂದಿನಿಂದ ತೆಗೆದದ್ದು. ಎದುರಿನಿಂದ ತೆಗೆದರೆ ನಾವು ನಮ್ಮ ಕೈಯನ್ನೇ ನೋಡುತ್ತೇವೆ. ಮಗಳು ನೆಲಕ್ಕೆ ಮೊಬೈಲ್ ತಾಗಿಸಿ, ಹಿಂದಿನ ಕಾಲಿನ ನೇರಕ್ಕೆ ಹಿಡಿದು ತೆಗೆದುಕೊಡುತ್ತಿದ್ದಳು. ‘ಅಮ್ಮಾ, ಮೂರನೇದರಲ್ಲಿ ಮತ್ತೆ ಒಳಗೆ ಬಂತು’ ಎಂದು ಅವಳು ಹೇಳುವ ಮೊದಲೇ ನನಗೆ ಗೊತ್ತಾಗತೊಡಗಿದಾಗ ಸುಮಾರು ನಾಲ್ಕು ತಿಂಗಳಾಗಿತ್ತು. ದೇಹದ ಆ ಭಾಗ ನನ್ನ ಅರಿವಿಗೆ ಸೇರಿದ್ದು ಆಗಲೇ. ಅಲ್ಲಿಂದಾಚೆಗೆ ತಿದ್ದಿಕೊಳ್ಳುವುದು ಸುಲಭವಾಯಿತು.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಹಿಂದಿನ ಕಾಲು ಸರಿಹೋದ ಮೇಲೆ ಅದುವರೆಗೆ ನಾನು ಸರಿಯಿದೆಯೆಂದು ಭಾವಿಸಿದ್ದ ಹೆಯಾನ್ ಕಾತಾಗಳೆಲ್ಲ ಬದಲಾದವು. ಹೆಯಾನ್ ಯೊಂದಾನ್‌ನ ಮೊದಲ ಚಲನೆಯಲ್ಲೇ ಕೊಕುತ್ಸು ಇದೆ. ಗ್ರೀನ್ ಬೆಲ್ಟಿನ ದಿನಗಳಿಂದ ಮಾಡಿಕೊಂಡು ಬಂದ ಆ ಚಲನೆಯಲ್ಲಿ ಕೈಗಳು ನಿಧಾನವಾಗಿ ಏಕೆ ಏಳಬೇಕು, ಸೊಂಟ ಹೇಗೆ ಹಿಂದಕ್ಕೆ ಕೂರಬೇಕು ಎಂಬುದು ಆಗ ಅರ್ಥವಾಯಿತು. ಮಕ್ಕಳಿಗೆಂದು ಮಾಡಿದ ಕಾತಾದಲ್ಲಿ ಅಷ್ಟೊಂದು ಇತ್ತು.

ಮರುಪರೀಕ್ಷೆಯಲ್ಲಿ ಹಿಂದಿನ ಮೂವರಲ್ಲಿ ಇಬ್ಬರ ಜಾಗದಲ್ಲಿ ಹೊಸಬರಿದ್ದರು, ಹಿರಿಯ ಪರೀಕ್ಷಕರು ಮಾತ್ರ ಅವರೇ. ಬಸ್ಸಾಯ್ ದಾಯ್ ಮುಗಿದ ಮೇಲೆ ಅವರು ಹೆಯಾನ್ ಯೊಂದಾನ್ ಕೂಡ ಮಾಡಿಸಿದರು. ಕುಮಿತೆಯಲ್ಲಿ ಎರಡು ಬಾರಿ ಪಕ್ಕಕ್ಕೆ ಸರಿದು ತಿರುಗಿ ಹೊಡೆಯಲು ಸಾಧ್ಯವಾಯಿತು, ಉಳಿದ ಬಾರಿ ಹಳೆಯ ಅಭ್ಯಾಸವೇ ಬಂತು. ತೇರ್ಗಡೆಯಾದೆ. ಹಾಳೆಯಲ್ಲಿ ಕಾತಾದ ಎದುರು ಏನೂ ಬರೆದಿರಲಿಲ್ಲ, ಕುಮಿತೆಯ ಎದುರು ‘ಕನಿಷ್ಠ ಮಟ್ಟ, ಕೋನದಲ್ಲಿ ಸರಿಯುವುದನ್ನು ಬೆಳೆಸಿಕೊಳ್ಳಬೇಕು’ ಎಂದಿತ್ತು. ನಮ್ಮ ಸಂಸ್ಥೆಯಲ್ಲಿ ಎರಡನೇ ದಾನ್ ಪರೀಕ್ಷೆಗೆ ಹೆಸರು ಕೊಡಲು ಕನಿಷ್ಠ ಎರಡು ವರ್ಷ ಕಾಯಬೇಕು. ಈಗ ಗುರುವಾರದ ತರಗತಿ ಮುಗಿದ ಮೇಲೆ ಕಾಲೇಜಿನ ಇಬ್ಬರು ಹುಡುಗರು ನನಗಾಗಿ ಅರ್ಧ ಗಂಟೆ ಹೆಚ್ಚು ನಿಲ್ಲುತ್ತಾರೆ. ಗೋಡೆಗೆ ಬೆನ್ನು ಹಚ್ಚುವಷ್ಟು ಹತ್ತಿರ ನನ್ನನ್ನು ನಿಲ್ಲಿಸಿ, ಹಿಂದಕ್ಕೆ ಹೋಗಲು ಜಾಗವೇ ಇಲ್ಲದಂತೆ ಮಾಡಿ, ಸೆನ್ಸೈ ಆ ಹುಡುಗರಿಂದ ದಾಳಿ ಮಾಡಿಸುತ್ತಾರೆ.